ಸಮನಾಗಿ ಬಡಿಯುವ ಎದೆ

ಬಡಿತ ಅಳೆಯಲೆಂದು ಎದೆಗೆ ಸುತ್ತಿದ ಪಟ್ಟಿ ತಣ್ಣಗಿತ್ತು, ಒದ್ದೆ ಮಾಡಿ ಕಟ್ಟಿದ್ದಾರೆ, ಈಗ ಮೈಶಾಖಕ್ಕೆ ಬೆಚ್ಚಗಾಗುತ್ತಿದೆ, ಕಿಟಕಿಯಾಚೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರ ಹೊಸನಗರ ಎಂದು ಯಾರೋ ಕೂಗುತ್ತಾರೆ — ಭವ್ಯಾ ಕಣ್ಣು ಮುಚ್ಚಿದಳು, ನಾಳೆ ತಾನು ಹತ್ತಬೇಕಾದ ಬಸ್ಸೂ ಅದೇ, ಮಂಡಗದ್ದೆಯ ತವರಿನಿಂದ ಗಂಡನ ಮನೆಗೆ, ಹೋದ ವರ್ಷ ಬಿಟ್ಟು ಬಂದ ಮನೆಗೆ, ನಿರಂಜನ ಕುಡಿತ ಬಿಟ್ಟಿದ್ದಾನೆ, ಅದು ಸುಳ್ಳಲ್ಲ, ತಾನೇ ಬರುತ್ತೇನೆಂದು ಒಪ್ಪಿದ್ದಾಳೆ, ಯಾರ ಒತ್ತಾಯವೂ ಇಲ್ಲ, ಹಾಗಿದ್ದೂ ಬ್ಯಾಗಿಗೆ ಸೀರೆ ಮಡಚಿಡುವಾಗ ಉಸಿರು ಸಿಕ್ಕಿಕೊಳ್ಳುವುದೇಕೆ, ಇಸಿಜಿಯಲ್ಲಿ ಏನೂ ಇಲ್ಲ, ರಕ್ತದಲ್ಲಿ ಏನೂ ಇಲ್ಲ. ನೋಡಿ, ನಿಮ್ಮ ಎದೆ ಗಡಿಯಾರದ ಹಾಗೆ ಬಡೀತಿದೆ, ಎನ್ನುತ್ತ ಡಾಕ್ಟರಮ್ಮ ಕಂಪ್ಯೂಟರ್ ಪರದೆಯನ್ನು ಇತ್ತ ತಿರುಗಿಸಿದರು, ಬಡಿತದ ವೇಗ ತೋರಿಸುವ, ಹೆಚ್ಚುಕಮ್ಮಿ ನೆಟ್ಟಗಿನ ಗೆರೆ. ಒಳ್ಳೇದೇ ಅಲ್ವಾ ಮೇಡಂ? ಇಲ್ಲಮ್ಮ, ನೆಮ್ಮದಿಯಾಗಿರೋ ಎದೆ ಇಷ್ಟು ಸಮ ಬಡಿಯಲ್ಲ, ಉಸಿರು ಎಳ್ಕೊಂಡಾಗ ಚೂರು ಬೇಗ, ಬಿಟ್ಟಾಗ ಚೂರು ನಿಧಾನ, ಗೆರೆ ಏರ್ತಾ ಇಳೀತಾ ಇರತ್ತೆ, ಹೆದರಿದ ಮೈ ಆ ಸಡಿಲ ಕೊಡಲ್ಲ, ಕಾವಲು ಕೂತಿರತ್ತೆ, ಹಂಗಂತ ಇದೊಂದನ್ನೇ ನೋಡಿ ತೀರ್ಮಾನ ಮಾಡಕ್ಕಾಗಲ್ಲ, ನಿದ್ದೆಗೆಟ್ಟರೂ ಹಿಂಗಾಗತ್ತೆ. ಕಾವಲು — ಹೌದು, ಆ ಮನೆಯಲ್ಲಿ ಸಂಜೆ ಬೈಕಿನ ಸ್ಟ್ಯಾಂಡ್ ಹಾಕುವ ಸದ್ದಿಗೇ ತಿಳಿಯುತ್ತಿತ್ತು, ಇವತ್ತು ಹೊಡೆತವೋ ಮಾತೋ, ಈರುಳ್ಳಿ ಹೆಚ್ಚುತ್ತಿದ್ದವಳು ನಿಂತು ಕೇಳುತ್ತಿದ್ದಳು, ಈಗಲೂ ತವರಿನ ರಸ್ತೆಯಲ್ಲಿ ಯಾರದೋ ಬೈಕು ನಿಂತರೆ ಕಿವಿ ತಾನಾಗಿ ಅತ್ತ ಹೋಗುತ್ತದೆ, ಮನಸ್ಸು ಎಂದೋ ಕ್ಷಮಿಸಿದೆ, ಮೈಗೆ ಆ ಸುದ್ದಿ ಮುಟ್ಟಿಲ್ಲ.

ನಾನಿಲ್ಲಿ ಕೂತಿರೋದಕ್ಕಾ ಮೇಡಂ ಹಂಗಾಗ್ತಿರೋದು? ಬಾಗಿಲ ಬಳಿಯ ಕುರ್ಚಿಯಿಂದ ನಿರಂಜನ ಕೇಳಿದ, ತೊಡೆಯ ಮೇಲೆ ಅವಳಿಗೆಂದೇ ತಂದ ಕಿತ್ತಳೆಯ ಚೀಲ, ನಾನು ಹೊರಗಿರ್ತೀನಿ ಎಂದು ಅವನೇ ಎದ್ದು ಹೋದ. ಗೆರೆ ಹಾಗೇ ಇದೆ, ಇನ್ನೂ ಹಾಗೇ ಇದೆ, ಆಮೇಲೆ ತನಗೇ ಗೊತ್ತಿಲ್ಲದೆ ಒಂದು ಉದ್ದ ಉಸಿರು, ಗೆರೆ ಒಂದಿಷ್ಟು ಏರಿತು, ಇಳಿಯಿತು, ಮತ್ತೆ ಏರಿತು — ಭವ್ಯಾಳಿಗೆ ಗೆದ್ದ ಹಾಗನ್ನಿಸಲಿಲ್ಲ, ಅಳು ಬಂತು, ಪಾಪ, ನಿಜವಾಗಿಯೂ ಬದಲಾಗಿದ್ದಾನಲ್ಲ, ಅವನ ಮೇಲೆ ಸಿಟ್ಟಾದರೂ ಉಳಿದಿದ್ದರೆ ಸುಲಭವಿತ್ತು. ಪಟ್ಟಿ ಬಿಚ್ಚಿಸಿಕೊಂಡು ಹೊರಗೆ ಬಂದರೆ ಅವನು ಬೆಂಚಿನ ತುದಿಯಲ್ಲಿ ಕೂತಿದ್ದಾನೆ. ನಾಳೆ ಬರಕ್ಕಾಗಲ್ಲ ರೀ. ಗೊತ್ತಾಯ್ತು. ಯಾವಾಗ ಅಂತ ಕೇಳ್ಬೇಡಿ, ನಂಗೇ ಗೊತ್ತಿಲ್ಲ. ಕೇಳಲ್ಲ, ನೀ ಅಳಬೇಡ, ಎಂದು ಎದ್ದವನು ಅವಳ ಹೆಗಲು ಸವರಲೆಂದು ಕೈ ಚಾಚಿದ, ಅವಳ ಕತ್ತು ತಾನಾಗಿ ಕುಗ್ಗಿತು, ಕೈ ಅರ್ಧದಲ್ಲೇ ನಿಂತಿತು, ಬೆರಳು ಬಿಡಿಸಿಕೊಂಡು, ಮುಂದೆ ಬರದೆ, ಹಿಂದೆ ಹೋಗದೆ, ತಾನು ಏನೋ ಹೇಳಬೇಕು, ಪರವಾಗಿಲ್ಲ ಅನ್ನಬೇಕು, ಬಸ್ಸು ಹೊರಟಿತೇನೋ, ಅಮ್ಮನಿಗೆ ಫೋನು ಮಾಡಬೇಕು, ಆ ಕೈ, ಗಾಳಿಯಲ್ಲಿ ನಿಂತ ಆ ಕೈ, ಆ ಕೈ —