ಎರಡು ಗಂಟೆಗೆ ಬರಬೇಕಿದ್ದ ದೋಣಿ

ದೋಣಿಯ ಮೂತಿಗೆ ಸುತ್ತಿದ್ದ ಹಳೆಯ ಬಟ್ಟೆಗಳ ಗಂಟನ್ನು ಹೀಮ್ ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ. ಕೆಂಪು, ಹಳದಿ, ಹಸಿರು ಮೂರೂ ಬಣ್ಣ ಬಿಸಿಲಿಗೆ ಒಂದೇ ಆಗಿದ್ದವು. ಉಪ್ಪುನೀರು ಕುಡಿದು ಕುಡಿದು ಗಂಟು ಕಲ್ಲಾಗಿತ್ತು.

"ಅದನ್ನ ಬಿಚ್ಚಬೇಡ," ಎಂದಳು ಹಿಂದಿನಿಂದ ಸಾಯ್‌ಪಿನ್.

"ಮಾಸಿ ಹೋಗಿದೆ ಅತ್ತಿಗೆ. ಹೊಸದು ತಂದಿದೀನಿ. ಇವತ್ತಾದ್ರೂ ದೋಣಿಯಮ್ಮನಿಗೆ ಒಳ್ಳೇ ಬಟ್ಟೆ ಬೇಡ್ವಾ?"

"ಕಟ್ಟಿದವರು ಹೋದ್ರು. ಅವರು ಕಟ್ಟಿದ್ದು ಇರಲಿ. ನಿಂದು ಬೇಕಾದ್ರೆ ಅದರ ಮೇಲೆ ಕಟ್ಟು."

ಹೀಮ್ ಹೊಸ ಬಟ್ಟೆಯನ್ನು ಹಳೆಯದರ ಮೇಲೆಯೇ ಸುತ್ತಿದ. ಅವನು ಐದು ಹೊತ್ತು ನಮಾಜು ಮಾಡುವವನು. ಮೂತಿಯಲ್ಲಿ ನೆಲೆಸಿ ದೋಣಿ ಕಾಯುವ ದೋಣಿಯಮ್ಮನಿಗೂ ಅವನಿಗೂ ಸಂಬಂಧವಿಲ್ಲ. ಆದರೆ ಸಾಯ್‌ಪಿನ್‌ಳ ಗಂಡ, ತನ್ನ ಗೆಳೆಯ ವಿಚಿಯೆನ್‌ನ ದೋಣಿ ವಿಚಿಯೆನ್‌ನ ದೋಣಿಯೇ. ಅವನ ಬೂದಿ ಹೊತ್ತು ಹೋಗುವ ದಿನ ಅವನ ಪದ್ಧತಿಯೇ ನಡೆಯಬೇಕು ಎಂದು ಬೆಳಿಗ್ಗೆ ಎದ್ದವನೇ ಅಂಗಡಿಗೆ ಹೋಗಿ ಮೂರು ಬಣ್ಣ ತಂದಿದ್ದ.

ಜೆಟ್ಟಿಯ ಮೇಲೆ ಊರಿನ ಹತ್ತಿಪ್ಪತ್ತು ಜನ ಸೇರಿದ್ದರು. ಹಿಂದಿನ ದಿನ ಗುಡಿಯಲ್ಲಿ ದಹನವಾಗಿತ್ತು. ಬೆಳಿಗ್ಗೆ ಭಿಕ್ಷುಗಳು ಎಲುಬು ಆಯ್ದು, ಸುಗಂಧದ ನೀರು ಚಿಮುಕಿಸಿ, ಬೂದಿಯನ್ನು ಬಿಳಿಯ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದರು. ಆ ಗಂಟನ್ನು ಮಗಳು ಕುಂಗ್ ಎದೆಗವಚಿಕೊಂಡು ನಿಂತಿದ್ದಳು. ಬೆಳ್ಳಗೆ ಹಣ್ಣಾದ ಹಿರಿಯ ಭಿಕ್ಷು ಕೊನೆಯದಾಗಿ ಹೇಳಿದ ಮಾತು ಅವಳ ತಲೆಯಲ್ಲಿ ಕೊರೆಯುತ್ತಿತ್ತು. "ಬೂದಿ ನೀರು ಮುಟ್ಟೋವರೆಗೂ ಕ್ಷಮೆ ಕೇಳಬಹುದು, ಕೊಡಬಹುದು. ಆಮೇಲೆ ಅವನ ದಾರಿ ಅವನಿಗೆ, ಇರೋರ ದಾರಿ ಇರೋರಿಗೆ."

ಅದನ್ನು ಅವರು ಯಾರಿಗೆ ಹೇಳಿದರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಐದು ದಿನದ ಹಿಂದೆ, ಹೆಣದ ಕೈಗೆ ನೀರು ಬಿಡುವಾಗ ಊರಿಗೆ ಊರೇ ಒಬ್ಬೊಬ್ಬರಾಗಿ ಬಂದು "ತಪ್ಪಿದ್ದರೆ ಕ್ಷಮಿಸು ವಿಚಿಯೆನ್" ಎಂದು ಹೇಳಿ ಹೋಗಿತ್ತು. ಐಸ್ ಮಾರುವವನೂ ಹೇಳಿದ್ದ. ಹೆಂಡತಿಯ ಸರದಿ ಬಂದಾಗ ಸಾಯ್‌ಪಿನ್ ಚೊಂಬಿನ ನೀರನ್ನು ಒಂದು ಹನಿಯೂ ಚೆಲ್ಲದಂತೆ ಗಂಡನ ಅಂಗೈಗೆ ಬಿಟ್ಟಳು. ತುಟಿ ಬಿಚ್ಚಲಿಲ್ಲ.

"ಎಂಟು ವರ್ಷ ಬಿಚ್ಚದ ಬಾಯಿ ಇವತ್ತು ಬಿಚ್ಚುತ್ತಾ?" ಎಂದಿದ್ದಳು ಪಕ್ಕದ ಮನೆಯ ಮುದುಕಿ ಯುವನ್. ಪಿಸುಮಾತು ಅಂದುಕೊಂಡೇ ಹೇಳಿದ್ದಳು, ಆದರೆ ಕಿವುಡಿಯ ಪಿಸುಮಾತು ಹೊರಗೆ ಕುರ್ಚಿ ಹಾಕುತ್ತಿದ್ದವರಿಗೂ ಕೇಳಿಸಿತ್ತು. "ಪಾಪ, ಇನ್ನು ಆ ಬೆಕ್ಕಿಗೂ ಕೆಲಸ ಇಲ್ಲ."

ಬೆಕ್ಕಿನ ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ಗಂಡ ಹೆಂಡತಿ ಮಾತು ಬಿಟ್ಟ ಮೊದಲ ಎರಡು ವರ್ಷ ಕುಂಗ್‌ಳ ಮೂಲಕ ಸಂಸಾರ ನಡೆಯಿತು. "ನಿಮ್ಮಪ್ಪನಿಗೆ ಹೇಳು, ಗ್ಯಾಸ್ ಮುಗೀತು." "ನಿಮ್ಮಮ್ಮನಿಗೆ ಹೇಳು, ನಾಳೆ ಹದಿನಾಲ್ಕು ಜನಕ್ಕೆ ಬುತ್ತಿ ಬೇಕು." ಕುಂಗ್ ಮದುವೆಯಾಗಿ ಆಚೆ ದಡಕ್ಕೆ ಹೋದ ಮೇಲೆ ಆ ಕೆಲಸ ಕಿತ್ತಳೆ ಬಣ್ಣದ ಬೆಕ್ಕಿನ ಪಾಲಾಯಿತು. "ಸೋಮ್, ಅನ್ನ ಆಗಿದೆ ಅಂತ ಹೇಳು," ಎಂದು ಸಾಯ್‌ಪಿನ್ ಒಲೆಯ ಮುಂದಿನಿಂದ ಹೇಳುವಳು. ಬೆಕ್ಕು ಅಲ್ಲಾಡದೆ ಮಲಗಿರುತ್ತಿತ್ತು. ವಿಚಿಯೆನ್ ಬಂದು ಕೂರುತ್ತಿದ್ದ.

ಕುಂಗ್ ಈಗ ತಾಯಿಯ ಹತ್ತಿರ ಬಂದು ಗಂಟನ್ನು ಅವಳ ಕೈಗಿತ್ತಳು.

"ಅಮ್ಮ, ಜಾಸ್ತಿ ಏನೂ ಬೇಡ. ಒಂದೇ ಮಾತು ಹೇಳು. ಆಯ್ತು ಅಂದ್ರೂ ಸಾಕು. ಹೀಗೇ ಕಳಿಸಿಬಿಟ್ರೆ ಅಪ್ಪ ಎಲ್ಲಿಗೂ ಹೋಗಲ್ಲ, ಇಲ್ಲೇ ಸುತ್ತುತಾ ಇರ್ತಾರೆ."

"ಅವರೇನು ಸುತ್ತೋದು ಬಿಟ್ಟಿದ್ರಾ?" ಎಂದು ಸಾಯ್‌ಪಿನ್ ದೋಣಿ ಹತ್ತಿದಳು. ದೋಣಿಯಮ್ಮನಿರುವ ಮೂತಿಯನ್ನು ತುಳಿಯದೆ, ಬದಿಯಿಂದ. ಬಗಲಲ್ಲಿ ಒಂದು ಬುತ್ತಿಯ ಡಬ್ಬಿ ಇತ್ತು. ಅದೇಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಬೆಳಗಿನ ಜಾವ ಕೈ ತಾನಾಗಿ ಕಟ್ಟಿಬಿಟ್ಟಿತ್ತು.

*

ವಿಚಿಯೆನ್ ದೊಡ್ಡ ಮನುಷ್ಯನೇನಲ್ಲ. ಮೂವತ್ತೊಂದು ವರ್ಷ ಒಂದೇ ದಾರಿಯಲ್ಲಿ ದೋಣಿ ಓಡಿಸಿದವನು. ಬೆಳಿಗ್ಗೆ ಏಳಕ್ಕೆ ಪ್ರವಾಸಿಗರನ್ನು ಹತ್ತಿಸಿಕೊಂಡು, ಸಮುದ್ರದ ನಡುವೆ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ದ್ವೀಪಗಳನ್ನು ಸುತ್ತಿಸಿ, ಒಂದು ಮರಳ ದಂಡೆಯಲ್ಲಿ ಊಟ ಹಾಕಿ, ಮಧ್ಯಾಹ್ನ ಎರಡಕ್ಕೆ ವಾಪಸು. ಊಟ ಸಾಯ್‌ಪಿನ್‌ಳದ್ದು. ಅನ್ನ, ಹುರಿದ ಕೋಳಿ, ಎರಡು ಹೋಳು ಅನಾನಸು. ಗಂಡನ ಡಬ್ಬಿ ಮಾತ್ರ ಬೇರೆ, ಅದಕ್ಕೆ ಸಿಗಡಿ ಚಟ್ನಿ, ಹಸಿ ಮೆಣಸು. ಮಾತು ಬಿಟ್ಟ ಎಂಟು ವರ್ಷದಲ್ಲಿ ಒಂದು ದಿನವೂ ಆ ಚಟ್ನಿ ತಪ್ಪಿರಲಿಲ್ಲ.

ಸುತ್ತಿನ ಕೊನೆಯ ಜಾಗಕ್ಕೆ ದೋಣಿಯವರು ಕೋಣೆ ಎನ್ನುತ್ತಾರೆ. ಗುಡ್ಡದ ಬುಡದಲ್ಲಿ ಒಂದು ಗುಹೆ. ರಬ್ಬರಿನ ಪುಟ್ಟ ದೋಣಿಯಲ್ಲಿ ಅಂಗಾತ ಮಲಗಿ, ಮೂಗಿಗೆ ಕಲ್ಲು ತಾಗದಂತೆ ನುಸುಳಿದರೆ ಒಳಗೆ ನಾಲ್ಕೂ ಕಡೆ ಕಲ್ಲಿನ ಗೋಡೆ, ನಡುವೆ ಹಸಿರು ನೀರು, ಮೇಲೆ ಆಕಾಶ. ಉಬ್ಬರ ಏರಿದರೆ ಗುಹೆಯ ಬಾಯಿ ಮುಚ್ಚುತ್ತದೆ. ಒಳಗಿದ್ದವರು ನೀರು ಇಳಿಯುವವರೆಗೆ ಒಳಗೇ.

ಎಂಟು ವರ್ಷದ ಹಿಂದೆ ಒಂದು ಹುಣ್ಣಿಮೆಯ ಮಾರನೆಯ ದಿನ, ವಿಚಿಯೆನ್ ಹೊರಟು ಒಂದು ತಾಸಾದ ಮೇಲೆ, ತವರೂರು ಟ್ರಾಂಗ್‌ನಿಂದ ಸಾಯ್‌ಪಿನ್‌ಳ ಅಣ್ಣನ ಫೋನು ಬಂತು. ಅಮ್ಮ ಇವತ್ತೋ ನಾಳೆಯೋ, ಬಂದುಬಿಡು. ಅವಳು ಗಂಡನಿಗೆ ಫೋನು ಮಾಡಿದಳು.

"ಎರಡು ಗಂಟೆಗೆ ಬಂದುಬಿಡ್ತೀನಿ," ಎಂದಿದ್ದ ಅವನು. "ಬಟ್ಟೆ ತುಂಬಿಕೊಂಡು ಜೆಟ್ಟಿ ಮೇಲೆ ಕೂತಿರು. ನಾನೇ ಕರ್ಕೊಂಡು ಹೋಗ್ತೀನಿ. ಆಚೆ ದಡದಲ್ಲಿ ಸಂಜೆ ಬಸ್ಸು ಸಿಗುತ್ತೆ."

ಹನ್ನೆರಡಕ್ಕೆ ಹೀಮ್ ಬಲೆ ತುಂಬಿಕೊಂಡು ಹೊರಟವನು ಅವಳನ್ನು ನೋಡಿ ದೋಣಿ ನಿಲ್ಲಿಸಿದ. "ಹತ್ತಿ ಅತ್ತಿಗೆ, ಆಚೆ ದಡಕ್ಕೆ ಬಿಟ್ಟು ಹೋಗ್ತೀನಿ."

"ಬೇಡಪ್ಪ. ಅವರು ಎರಡಕ್ಕೆ ಬರ್ತಾರೆ. ಒಂದು ಸಲ ಹೇಳಿದ್ರೆ ಹೇಳಿದ ಹಾಗೇ."

ಎರಡಾಯಿತು, ಮೂರಾಯಿತು. ಫೋನು ಹೋಗಲಿಲ್ಲ, ಕಲ್ಲಿನ ಗೋಡೆಯೊಳಗೆ ಯಾವ ಫೋನು ಹೋಗುತ್ತದೆ? ಜೆಟ್ಟಿಯಲ್ಲಿ ಬೇರೆ ದೋಣಿಯೇ ಉಳಿದಿರಲಿಲ್ಲ. ವಿಚಿಯೆನ್ ಬಂದಾಗ ಐದು ದಾಟಿತ್ತು. ಕೋಣೆಯೊಳಗೆ ಜನ ಇನ್ನೊಂದು ಫೋಟೊ, ಇನ್ನೊಂದು ಫೋಟೊ ಅಂದರು. ಅವನು ಆಗಲಿ ಅಂದ. ನೀರು ಬಾಯಿ ಮುಚ್ಚಿತು. ಸಾಯ್‌ಪಿನ್ ಮಾರನೆಯ ದಿನ ಟ್ರಾಂಗ್ ಮುಟ್ಟಿದಾಗ ತಾಯಿಯ ಕಾಲ್ಬೆರಳು ಕಟ್ಟಿಯಾಗಿತ್ತು.

ಅವತ್ತು ಅವನು ತಪ್ಪಾಯ್ತು ಅಂದಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಅವನ ಬಾಯಿಗೆ ಬಂದದ್ದು ಬೇರೆ ಮಾತು.

"ನೀರು ನನ್ನ ಮಾತು ಕೇಳುತ್ತಾ?"

ಅವಳನ್ನು ಸುಟ್ಟದ್ದು ಆ ಮಾತು. ಅದಕ್ಕಿಂತ ಹೆಚ್ಚು ಸುಟ್ಟದ್ದು, ಹೀಮ್‌ನ ದೋಣಿಯನ್ನು ತಾನೇ ಬೇಡವೆಂದು ಕಳಿಸಿದ್ದು. ನಂಬಿ ಕೂತದ್ದು. ಅಂದಿನಿಂದ ಆ ಮನೆಯಲ್ಲಿ "ರೀ" ಎಂಬ ಕೂಗು ಕೇಳಿಸಲಿಲ್ಲ.

ಒಂದು ವಿಷಯವನ್ನು ಮಾತ್ರ ಊರು ಗಮನಿಸಿತ್ತು. ಆಮೇಲೆ ಎಂಟು ವರ್ಷ ವಿಚಿಯೆನ್‌ನ ದೋಣಿ ಎರಡು ಗಂಟೆಗಿಂತ ಒಂದು ನಿಮಿಷವೂ ತಡವಾಗಲಿಲ್ಲ. ಪ್ರವಾಸಿಗರು ಗೊಣಗಿದರೂ ಸರಿ, ಈಜುತ್ತಿದ್ದವರನ್ನು ರಟ್ಟೆ ಹಿಡಿದು ಹತ್ತಿಸಿಕೊಂಡು ಬರುತ್ತಿದ್ದ. ಹೋದ ವಾರವೂ ಎರಡಕ್ಕೇ ಬಂದ. ಜನರನ್ನೆಲ್ಲ ಇಳಿಸಿದ, ಜೆಟ್ಟಿಯ ಅಂಚಿನಲ್ಲಿ ಕೂತು ಕಾಲು ತೊಳೆದುಕೊಂಡ, ಹಾಗೇ ಪಕ್ಕಕ್ಕೆ ವಾಲಿದ.

*

"ಅಲ್ಲಿಗೇ ಹೋಗಬೇಕಾ?" ಎಂದ ಹೀಮ್, ಚುಕ್ಕಾಣಿ ಹಿಡಿದು. "ಇಲ್ಲೇ ನೀರು ಆಳ ಇದೆ. ಎಲ್ರೂ ಬಿಡೋದು ಇಲ್ಲೇ."

"ಕೋಣೆ ಬಾಯಲ್ಲಿ, ಗೂನು ಬಂಡೆ ಹತ್ರ ಬಿಡಿ ಅಂತ ಅಪ್ಪ ನಂಗೆ ಹೇಳಿದ್ರು ಹೀಮ್ ಚಿಕ್ಕಪ್ಪ," ಎಂದಳು ಕುಂಗ್. "ಒಂದ್ಸಲ ಅಲ್ಲ, ಮೂರ್ನಾಲ್ಕು ಸಲ."

"ಹೇಳಿದ್ದ, ಸರಿ. ಆದ್ರೆ ಅತ್ತಿಗೆಗೆ ಅಲ್ಲಿಗೆ..."

"ನಂಗೇನಾಗಿದೆ?" ಎಂದಳು ಸಾಯ್‌ಪಿನ್. "ಮೂವತ್ತೊಂದು ವರ್ಷ ಬುತ್ತಿ ಕಟ್ಟಿ ಕಳಿಸಿದೀನಿ. ಆ ಬುತ್ತಿ ಹೋಗ್ತಿದ್ದ ಜಾಗ ನಾನೂ ಒಂದ್ಸಲ ನೋಡ್ತೀನಿ. ನಡಿ."

ಹೀಮ್ ತಲೆ ಕೆರೆದುಕೊಂಡ. ಎಂಜಿನ್ ಚಾಲೂ ಮಾಡಿದ.

ದ್ವೀಪಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ಸಾಯ್‌ಪಿನ್ ಮಡಿಲಲ್ಲಿ ಗಂಟು ಇಟ್ಟುಕೊಂಡು ಒಂದನ್ನೂ ಬಿಡದೆ ನೋಡಿದಳು. ಕಲ್ಲಿನ ಮೈಯಲ್ಲಿ ಗಿಡಗಳು ನೇತಾಡುತ್ತಿದ್ದವು. ದಿನಾ ಇದನ್ನೇ ನೋಡುತ್ತಿದ್ದ ಮನುಷ್ಯ ಮನೆಗೆ ಬಂದು ಒಂದು ದಿನವೂ ಇದರ ಬಗ್ಗೆ ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ಹೇಳಬೇಕಾದರೂ ಯಾರಿಗೆ, ಬೆಕ್ಕಿಗೆ ಹೇಳಬೇಕಿತ್ತು ಎಂದು ಆಮೇಲೆ ಹೊಳೆಯಿತು.

ಗೂನು ಬಂಡೆ ಗುಹೆಯ ಬಾಯಿಯ ಎದುರು ಒಂಟಿಯಾಗಿ ನಿಂತಿತ್ತು. ಬೆನ್ನು ಬಾಗಿಸಿ, ಮುಖ ಆಚೆ ತಿರುಗಿಸಿ ಕೂತ ಹೆಂಗಸಿನ ಆಕಾರ. ಹೀಮ್ ಅದರ ನೆರಳಿಗೆ ದೋಣಿ ತಂದು ಎಂಜಿನ್ ನಿಲ್ಲಿಸಿದ. ನೀರು ಏರುತ್ತಿತ್ತು. ಗುಹೆಯ ಬಾಯಲ್ಲಿ ಇನ್ನು ಒಂದು ಮೊಳ ಸಂದು ಉಳಿದಿತ್ತು.

"ಬೇಗ ಮುಗಿಸೋಣ ಅತ್ತಿಗೆ," ಎಂದ ಹೀಮ್. ದನಿಯಲ್ಲಿ ಆತುರವಿತ್ತು.

ಅಷ್ಟರಲ್ಲಿ ಬಂಡೆಯ ಆಚೆ ಬದಿಗೆ ಒಂದು ಪ್ರವಾಸಿ ದೋಣಿ ಬಂದು ನಿಂತ ಸದ್ದಾಯಿತು. ಅವರು ಇವರಿಗೆ ಕಾಣುತ್ತಿರಲಿಲ್ಲ. ದನಿ ಮಾತ್ರ ಸ್ಪಷ್ಟವಾಗಿತ್ತು. ವಿಚಿಯೆನ್‌ನ ಕೈಕೆಳಗೆ ಕೆಲಸ ಕಲಿತ ಪ್ರಾನೀಯ ದನಿ.

"ಈ ಬಂಡೆಯ ಹೆಸರು ಪಿನ್," ಎಂದು ಅವಳು ಅರೆಬರೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. "ಪಿನ್‌ಗೆ ತುಂಬ ಕೋಪ. ಅವಳ ಗಂಡ ಒಂದು ದಿನ ತಡವಾಗಿ ಬಂದ. ನೀವೆಲ್ಲ ಅವನ ಪರವಾಗಿ ಕೂಗಿ ಹೇಳಬೇಕು. ನಾನು ಹೇಳಿಕೊಟ್ಟ ಹಾಗೆ, ನಮ್ಮ ಭಾಷೇಲಿ. ಒಂದು, ಎರಡು, ಮೂರು."

"ತಪ್ಪಾಯ್ತು, ಪಿನ್," ಎಂದು ಹತ್ತು ಹನ್ನೆರಡು ಪರದೇಶಿ ನಾಲಿಗೆಗಳು ಒಟ್ಟಿಗೆ ತೊದಲಿದವು. ಕಲ್ಲಿನ ಗೋಡೆ ಅದನ್ನು ಹಿಡಿದು ಮತ್ತೆ ಹೇಳಿತು. ತಪ್ಪಾಯ್ತು, ಪಿನ್.

ಸಾಯ್‌ಪಿನ್ ಹೀಮ್‌ನ ಕಡೆ ತಿರುಗಿದಳು. ಕುಂಗ್ ಬಾಯಿಗೆ ಕೈ ಹಿಡಿದಳು.

"ಏನಿದು ಹೀಮ್?"

ಹೀಮ್ ತನ್ನ ಕಾಲ್ಬೆರಳು ನೋಡುತ್ತ ಕೂತ. "ಇದಕ್ಕೇ ಬೇಡ ಅಂದಿದ್ದು ಅತ್ತಿಗೆ. ನಿಮ್ಮನ್ನ ತಮಾಷೆ ಮಾಡಿದ್ರು ಅಂದುಕೊಳ್ತೀರಾ ಅಂತ ಹೆದರಿಕೆ. ಹಂಗಲ್ಲ. ನಿಮ್ಮಮ್ಮ ಹೋದ ಮೇಲೆ ಅವನು ದಿನಾ ಈ ಬಂಡೆ ಮುಂದೆ ದೋಣಿ ನಿಲ್ಲಿಸಿ ಒಬ್ಬನೇ ಹೇಳ್ತಿದ್ದ. ಜನ ಕೇಳಿದ್ರು, ಯಾರ ಹತ್ರ ಮಾತಾಡ್ತೀಯ ಅಂತ. ನನ್ನ ಹೆಂಡ್ತಿ ಹತ್ರ ಅಂದ. ನಕ್ಕುಬಿಟ್ರು, ನಾವೂ ಹೇಳ್ತೀವಿ ಅಂದ್ರು. ಹಂಗೆ ಶುರುವಾಯ್ತು. ಈಗ ಎಲ್ಲಾ ದೋಣಿಯವ್ರೂ ಹೇಳಿಸ್ತಾರೆ."

"ದಿನಾ?"

"ಒಂದು ದಿನ ತಪ್ಪಿಸಿಲ್ಲ."

"ನಾನು ಮನೇಲೇ ಇದ್ನಲ್ಲ," ಎಂದಳು ಸಾಯ್‌ಪಿನ್. ದನಿ ಏರಲಿಲ್ಲ, ಒಡೆಯಿತು. "ದಿನಾ ಅದೇ ಮನೇಲಿ, ಅದೇ ಒಲೆ ಮುಂದೆ ಇದ್ದೆ. ಬಂಡೆಗೆ ಹೇಳೋ ಬದಲು..."

"ನಾನೂ ಅದನ್ನೇ ಬೈದಿದ್ದೆ. ಮನೇಲಿ ಹೇಳೋ ಮಾರಾಯ ಅಂತ. ಬಾಗಿಲು ದಾಟಿದ ತಕ್ಷಣ ನಾಲಿಗೆ ಬಿದ್ದುಹೋಗುತ್ತೆ ಕಣೋ ಅಂದ. ಅವಳು ಬೆಕ್ಕಿನ ಕಡೆ ನೋಡ್ತಾಳೆ, ನಾನು ಅನ್ನದ ಕಡೆ ನೋಡ್ತೀನಿ ಅಂದ."

ಸಾಯ್‌ಪಿನ್ ಅತ್ತಳು. ಐದು ದಿನ ಅಳದವಳು, ಮಡಿಲಿನ ಗಂಟಿನ ಮೇಲೆ ಹಣೆಯಿಟ್ಟು, ಊರು ಕೇಳಿದರೆ ಕೇಳಲಿ ಎಂಬಂತೆ ಅತ್ತಳು. ಎಂಟು ವರ್ಷ ಸುಮ್ಮನೆ ಹೋಯಿತಲ್ಲ ಎಂದು ಅತ್ತಳು. ಬಂಡೆಯ ಆಚೆ ಯಾರೋ ಮತ್ತೊಮ್ಮೆ ಕೂಗಿದರು. ಮಕ್ಕಳ ನಗು ಕೇಳಿಸಿತು.

ಆಮೇಲೆ ಮೂಗು ಒರೆಸಿಕೊಂಡು ಗಂಟು ಬಿಚ್ಚಿದಳು. ಬುತ್ತಿಯ ಡಬ್ಬಿಯನ್ನೂ ತೆರೆದಳು. ಅನ್ನದ ಮೂಲೆಯಲ್ಲಿ ಸಿಗಡಿ ಚಟ್ನಿ, ಎರಡು ಹಸಿ ಮೆಣಸು.

"ರೀ," ಎಂದಳು.

ಕುಂಗ್ ತಾಯಿಯ ಬೆನ್ನ ಮೇಲೆ ಕೈಯಿಟ್ಟಳು.

"ರೀ, ಎರಡು ಗಂಟೆ ಅಂದಿದ್ರಿ. ನಂಬಿ ಕೂತಿದ್ದೆ." ಸಾಯ್‌ಪಿನ್ ಉಸಿರೆಳೆದುಕೊಂಡಳು. "ಆಯ್ತು ಬಿಡಿ. ನಂದೂ ತಪ್ಪಾಯ್ತು. ಬನ್ನಿ, ಊಟಕ್ಕೆ ಬನ್ನಿ."

ಕೊನೆಯ ಮಾತು ಅವಳಿಗೇ ಗೊತ್ತಿಲ್ಲದೆ ಕೂಗಾಗಿತ್ತು, ಹಿಂದೆ ಅಡುಗೆಮನೆಯಿಂದ ಅಂಗಳಕ್ಕೆ ಕೇಳುವಂತೆ ಕೂಗುತ್ತಿದ್ದ ಹಾಗೆ. ಗೋಡೆ ಅದನ್ನೂ ಹಿಡಿದು ಹೇಳಿತು. ಊಟಕ್ಕೆ ಬನ್ನಿ.

ಆಚೆಯ ದೋಣಿಯಲ್ಲಿ ಮರುಕ್ಷಣ ಜೋರಾಗಿ ಚಪ್ಪಾಳೆ ಬಿತ್ತು. ಪಿನ್ ಉತ್ತರ ಕೊಡುವುದೂ ಈ ಸುತ್ತಿನ ಭಾಗವೇ ಎಂದು ಅವರು ತಿಳಿದಿದ್ದರು. ಪ್ರಾನೀಯ ದೋಣಿಯ ಮೂತಿ ಬಂಡೆಯ ಅಂಚಿನಿಂದ ಮೆಲ್ಲಗೆ ಇಣುಕಿತು. ಅವಳು ಬಿಳಿ ಬಟ್ಟೆಯನ್ನೂ ಸಾಯ್‌ಪಿನ್‌ಳನ್ನೂ ಕಂಡು, ತಲೆಯ ಟೋಪಿ ತೆಗೆದು, ಹಿಂದಿದ್ದವರಿಗೆ ಕೈಯೆತ್ತಿ ಸನ್ನೆ ಮಾಡಿದಳು. ಚಪ್ಪಾಳೆ ನಿಂತಿತು.

ಸಾಯ್‌ಪಿನ್ ಬೂದಿಯನ್ನು ಬೊಗಸೆ ಬೊಗಸೆಯಾಗಿ ನೀರಿಗೆ ಬಿಟ್ಟಳು. ಅದರ ಮೇಲೆ ಗುಡಿಯಿಂದ ತಂದ ಹೂವಿನ ಎಸಳು, ಅದರ ಮೇಲೆ ಒಂದು ತುತ್ತು, ಮತ್ತೊಂದು ತುತ್ತು ಅನ್ನ. ನೀರು ಏರಿ ಗುಹೆಯ ಬಾಯಿ ಮುಚ್ಚಿತು. ಬಂಡೆಯ ಬುಡದಿಂದ ಚಿಕ್ಕ ಚಿಕ್ಕ ಮೀನುಗಳು ಒಂದೊಂದಾಗಿ ಅನ್ನಕ್ಕೆ ಬಂದವು.