ವಾರ್ನಿಷ್ ಮೇಲಿನ ಸಹಿ

"ಮೇಷ್ಟ್ರೇ, ಸಹಿ ವಾರ್ನಿಷ್ ಮೇಲಿದೆ. ವಾರ್ನಿಷ್ ತೆಗೆದ್ರೆ ಅದೂ ಹೋಗುತ್ತೆ," ಎಂದಳು ಅವಳು, ಹಳೆಯ ಚಿತ್ರದ ಮುಂದೆ ಕೂತು ಕಡ್ಡಿಗೆ ಹತ್ತಿ ಸುತ್ತುತ್ತಾ.

ಮೇಷ್ಟ್ರು ಕುರ್ಚಿಯ ಅಂಚಿಗೆ ಸರಿದರು. ಕಲಾಶಾಲೆಯಲ್ಲಿ ಅವಳಿಗೆ ಪಾಠ ಹೇಳಿದವರು, ಈಗ ಎಂಬತ್ತರ ಹತ್ತಿರ. ಮುಂದಿನ ವಾರ ಸಂಗ್ರಹಾಲಯದಲ್ಲಿ ಅವರಿಗೆ ಸನ್ಮಾನ. ಅಲ್ಲಿ ನಟ್ಟನಡುವಿನ ಗೋಡೆಗೆ ಅವರ ಸಹಿಯ ಈ ಚಿತ್ರ. ಕಿಟಕಿಯ ಪಕ್ಕ ಕೂತು ಅಂಗಿಗೆ ಗುಂಡಿ ಹೊಲಿಯುವ ಹೆಂಗಸು. ಹಳೆಯ ವಾರ್ನಿಷ್ ಹಳದಿಗಟ್ಟಿ ಕಾಮಾಲೆ ಹಿಡಿದಂತಿದ್ದ ಮುಖ ಎರಡು ದಿನದ ಒರೆಸುವಿಕೆಯಲ್ಲಿ ತಿಳಿಯಾಗಿತ್ತು. ಸಹಿ ಇದ್ದ ಕೆಳಗಿನ ಮೂಲೆಯೊಂದೇ ಇನ್ನೂ ಹಳದಿ.

"ಅಷ್ಟು ಜಾಗ ಬಿಟ್ಬಿಡಮ್ಮ."

"ಬಿಟ್ರೆ ಮಾಸಲು ತೇಪೆ ಹಾಕಿದ ಹಾಗಿರುತ್ತೆ."

ಸಂಗ್ರಹಾಲಯದ ಅಧಿಕಾರಿ, ಚುರುಕು ಹುಡುಗಿ, ನಕ್ಕಳು. "ಅದಕ್ಯಾಕೆ ಯೋಚನೆ ಸರ್? ಅಕ್ಕ ಒರೆಸಲಿ, ನೀವೇ ಮತ್ತೆ ಹಾಕಿ. ಬದುಕಿರೋ ಕಲಾವಿದರು ಸ್ವಂತ ಕೈಲೇ ಹಾಕ್ಬೇಕು ಅಂತ ನಿಯಮ. ಇಲ್ದಿದ್ರೆ ಫಲಕದಲ್ಲಿ 'ಸಹಿ ಇಲ್ಲ' ಅಂತ ಬರೀಬೇಕಾಗುತ್ತೆ." ಅವರ ಬೆನ್ನಿಗೊಂದು ದಿಂಬು ಇಟ್ಟು, ನೀರಿನ ಲೋಟವನ್ನು ಕೈಗೆಟಕುವಂತೆ ಸರಿಸಿ ಹೋದಳು.

ಮೊದಲು ಸಹಿ, ಅದರ ಮೇಲೆ ವಾರ್ನಿಷ್. ಚಿತ್ರ ಬರೆಯುವವರ ಕ್ರಮ ಅದು. ಈ ಚಿತ್ರಕ್ಕೆ ವಾರ್ನಿಷ್ ಹಚ್ಚಿದವಳು ಅವಳೇ. ಬರೆದವಳೂ ಅವಳೇ. ಆಗ ಇಪ್ಪತ್ತೆರಡರ ಹುಡುಗಿಗೆ ತನ್ನ ಹೆಸರು ಬರೆಯಲು ಸಂಕೋಚ. ಮೇಷ್ಟ್ರು ಮೆಚ್ಚಿದ ಮೇಲೆ ಬರೆಯೋಣವೆಂದು ಮೂಲೆ ಖಾಲಿ ಬಿಟ್ಟಿದ್ದಳು. ಪ್ರದರ್ಶನದ ದಿನ ಅಮ್ಮನನ್ನು ಕರೆದುಕೊಂಡು ಬಂದರೆ ಅಲ್ಲಿ ಮೇಷ್ಟ್ರ ಹೆಸರಿತ್ತು.

"ಇದು ನಾನೇ ಅಲ್ವೇನೇ? ನಿನ್ನ ಹೆಸರೆಲ್ಲಿ?" ಎಂದ ಅಮ್ಮ ಮಗಳ ಮುಖ ನೋಡಿ ಮತ್ತೆ ಕೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿ ಬದಿಯ ಸೀಟು ಬಿಟ್ಟುಕೊಟ್ಟಳು, ಮಗಳು ಅಳುವುದು ಯಾರಿಗೂ ಕಾಣದಿರಲೆಂದು.

"ಕೈ ನಿನ್ನದಿರಬಹುದು. ಕಣ್ಣು ನಾನು ಕೊಟ್ಟದ್ದು," ಎಂದಿದ್ದರು ಮೇಷ್ಟ್ರು, ಆಮೇಲೆ ಅವಳು ಕೇಳಲು ಹೋದಾಗ. ಅಲ್ಲಿಂದಾಚೆ ಅವಳು ತನ್ನದೆಂದು ಒಂದು ಗೆರೆಯನ್ನೂ ಎಳೆಯಲಿಲ್ಲ. ಬೇರೆಯವರ ಚಿತ್ರಗಳ ಕೊಳೆ ತೆಗೆಯುತ್ತಲೇ ತಲೆ ನರೆಯಿತು.

ಹತ್ತಿಯನ್ನು ದ್ರಾವಣಕ್ಕೆ ಅದ್ದಿದಳು. ಮೊದಲ ಅಕ್ಷರ ಕರಗಿ ಹತ್ತಿ ಕೆಂಪಾಯಿತು. ಎರಡನೆಯದನ್ನು ಬೇಕೆಂದೇ ನಿಧಾನವಾಗಿ ಒರೆಸಿದಳು. ಅವರಿಗೆ ಸರಿಯಾಗಿ ಕಾಣಲೆಂದು ದೀಪವನ್ನೂ ಹತ್ತಿರಕ್ಕೆಳೆದಳು.

"ನೀನು ಈಗ ಏನಾದ್ರೂ ಬರೀತಿದೀಯಾ?"

"ಇಲ್ಲ. ಭಯ. ಮುಗಿದ ಮೇಲೆ ಯಾರದ್ದಾಗುತ್ತೋ ಅಂತ."

ಮೇಷ್ಟ್ರು ಲೋಟ ಎತ್ತಿ, ಕುಡಿಯದೆ ಇಟ್ಟರು. "ನಂಗೂ ಭಯಾನೇ ಕಣಮ್ಮ. ನೀನು ಬರೆದ ಆ ಮುಖ ನೋಡಿದ ದಿನ, ಇಂಥದ್ದು ಈ ಜನ್ಮದಲ್ಲಿ ನನ್ನ ಕೈಲಾಗಲ್ಲ ಅಂತ ಗೊತ್ತಾಗ್ಹೋಯ್ತು."

"ಅದನ್ನೇ ನನಗೆ ಒಂದ್ಸಲ ಹೇಳಿದ್ರೆ ಸಾಕಿತ್ತು ಮೇಷ್ಟ್ರೇ. ಆ ಒಂದು ಮಾತಿನ ಮೇಲೆ ನಾನು ಬದುಕಿಬಿಡ್ತಿದ್ದೆ."

ಸಹಿ ಪೂರ್ತಿ ಹೋದ ಮೇಲೆ ಅವಳು ಕೆಂಪು ಕಲಸಿ, ತೆಳು ಕುಂಚವನ್ನು ಅವರ ಕೈಗಿಟ್ಟಳು. ಕುಂಚದ ತುದಿ ಗಾಳಿಯಲ್ಲೇ ನಡುಗಿತು.

"ಆಗಲ್ಲ ಕಣೇ. ನೀನೇ ಹಾಕ್ಬಿಡು. ನನ್ನ ಅಕ್ಷರ ನಿನಗೆ ಗೊತ್ತಲ್ಲ?"

"ಚೆನ್ನಾಗಿ ಗೊತ್ತು. ಆದ್ರೆ ನೀವೇ ಹಾಕ್ಬೇಕು. ಆವತ್ತು ನೀವು ಹಾಕುವಾಗ ನಾನು ಅಮ್ಮನ್ನ ಕರ್ಕೊಂಡು ಬರೋಕೆ ಹೋಗಿದ್ದೆ. ಈ ಸಲ ಇಲ್ಲೇ ಕೂತು ನೋಡ್ತೀನಿ."

ಕುಂಚ ಚಿತ್ರಕ್ಕೆ ತಾಗಿತು. ಅಕ್ಷರವಾಗಲಿಲ್ಲ, ಒಂದು ಹನಿ ಕೆಂಪು ಕೆಳಗೆ ಹರಿಯಿತು. ಮಗುವಿನ ತುಟಿ ಒರೆಸುವಷ್ಟು ಮೆತ್ತಗೆ ಅದನ್ನು ಒರೆಸಿದಳು. ಜಾರಿದ ದಿಂಬನ್ನು ಅವರ ಬೆನ್ನಿಗೆ ಸರಿಪಡಿಸಿದಳು. ಕುಂಚವನ್ನು ಮತ್ತೆ ಬಣ್ಣಕ್ಕದ್ದಿ, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಡುವೆ ಇಟ್ಟು ಮಡಚಿದಳು.

"ಹಾಕಿ ಮೇಷ್ಟ್ರೇ, ಅವಸರವಿಲ್ಲ," ಎಂದು ಸ್ಟೂಲನ್ನು ಅವರ ಎದುರಿಗೆ ಎಳೆದುಕೊಂಡು, ಮಡಿಲಲ್ಲಿ ಕೈ ಜೋಡಿಸಿಟ್ಟು ಕೂತಳು.