ನಾಲ್ಕು ಸಾಲು, ಹನ್ನೆರಡು ಪುಟ

ಕಳೆದ ಸುತ್ತಿನಲ್ಲಿ ಬಂದಾಗ ಕಮ್ಮಾರನ ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಲೆಕ್ಕದಕ್ಕ ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಬಸಿರನ್ನು ಒಮ್ಮೆ ಬರೆದ ಮೇಲೆ ಅದು ಏನಾಯಿತೆಂದು ಮುಂದಿನ ಸುತ್ತಿನಲ್ಲಿ ಬರೆಯಲೇಬೇಕು. ಅಲ್ಲಿಯವರೆಗೆ ಆ ಮನೆಯ ಹಾಳೆ ಮುಚ್ಚುವಂತಿಲ್ಲ.

ಜನನ ಮರಣಗಳ ಅಧ್ಯಯನ ಮಾಡುವ ಕೇಂದ್ರವೊಂದು ಹನ್ನೊಂದು ವರ್ಷದ ಹಿಂದೆ ಅವಳನ್ನು ಈ ಕೆಲಸಕ್ಕೆ ತೆಗೆದುಕೊಂಡಿತ್ತು. ಮೂರು ಊರು, ಇನ್ನೂರ ಹತ್ತು ಮನೆ, ನಾಲ್ಕು ತಿಂಗಳಿಗೊಂದು ಸುತ್ತು. ಯಾರು ಹುಟ್ಟಿದರು, ಯಾರು ಸತ್ತರು, ಯಾರು ಮದುವೆಯಾಗಿ ಬಂದರು, ಯಾರು ಮನೆ ಬಿಟ್ಟು ಹೋದರು. ಅವಳ ನಿಜವಾದ ಹೆಸರನ್ನು ಅಲ್ಲಿ ಯಾರೂ ಕೇಳಿದವರಲ್ಲ. ಲೆಕ್ಕದಕ್ಕ ಎಂದರೆ ಬೀದಿಯ ನಾಯಿಗಳಿಗೂ ಗುರುತು. ಅವು ಅವಳನ್ನು ಕಂಡು ಬೊಗಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಬಂದ್ಯಾ ತಾಯಿ," ಎಂದಳು ಕಮ್ಮಾರನ ತಾಯಿ, ಜಗುಲಿಯ ಮೇಲೆ ಕಾಳು ಆರಿಸುತ್ತಾ. "ಹೋದ ಸಲ ಐದು ಜನ ಇದ್ವಿ, ಈಗಲೂ ಐದೇ. ನಾಕು ತಿಂಗಳಿಗೊಂದ್ಸಲ ಬಂದು ಎಣಿಸೋಕೆ ನಾವೇನು ಕುರಿಗಳಾ?"

"ಕುರಿ ಆಗಿದ್ರೆ ಇಷ್ಟು ಮಾತಾಡ್ತಿರಲಿಲ್ಲ ಬಿಡಮ್ಮ," ಎಂದು ಲೆಕ್ಕದಕ್ಕ ಕೂತು ಪುಸ್ತಕ ತೆರೆದಳು. "ಸೊಸೆ ಎಲ್ಲಿ? ಹೆರಿಗೆ ಆಯ್ತಾ?"

ಮುದುಕಿಯ ಬೆರಳುಗಳು ಮೊರದಲ್ಲಿ ಒಂದು ಗಳಿಗೆ ನಿಂತವು. "ಬಟ್ಟೆ ಒಗೆಯೋಕೆ ಹೋಗಿದಾಳೆ. ಎರಡು ತಿಂಗಳಾಯ್ತು. ಸತ್ತೇ ಹುಟ್ಟಿತು. ಬರ್ಕೋ."

ಹೆತ್ತವಳನ್ನೇ ಕೇಳಬೇಕು ಎಂಬುದು ಕೆಲಸದ ನಿಯಮ. ಆದರೆ ಇನ್ನೂ ಒಂಬತ್ತು ಮನೆಗಳಿದ್ದವು, ಬಿಸಿಲು ನೆತ್ತಿಗೇರಿತ್ತು. ಅತ್ತೆ ಹೇಳಿದ್ದನ್ನು ಸೊಸೆಯ ಬಾಯಿಂದ ಮತ್ತೆ ಕೆದಕಿಸುವುದು ಯಾಕೆ ಎಂಬ ಮರುಕವೂ ಇತ್ತು. ಸತ್ತು ಹುಟ್ಟಿದ ಕೂಸಿಗೆ ನಮೂನೆಯಲ್ಲಿ ಇದ್ದದ್ದು ನಾಲ್ಕೇ ಸಾಲು. ಲೆಕ್ಕದಕ್ಕ ನಾಲ್ಕನ್ನೂ ತುಂಬಿದಳು.

ಕೆರೆಯ ಏರಿ ಇಳಿಯುವಾಗ ಒಗೆಯುವ ಕಲ್ಲಿನಿಂದ ಸೊಸೆ ಕೂಗಿದಳು. ಒದ್ದೆ ಸೀರೆಯ ನೆರಿಗೆ ಹಿಂಡಿಕೊಳ್ಳುತ್ತಾ ಮೇಲೆ ಬಂದು ದಾರಿಗೆ ಅಡ್ಡ ನಿಂತಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ.

"ನಮ್ಮನೇಲಿ ಏನು ಬರ್ಕೊಂಡ್ರಿ ಅಕ್ಕಾ?"

"ನಿಮ್ಮತ್ತೆ ಹೇಳಿದ್ದು ಬರ್ಕೊಂಡೆ ಕಣಮ್ಮ. ಆಗಿದ್ದು ಆಗೋಯ್ತು, ಮನಸ್ಸಿಗೆ ಹಚ್ಕೋಬೇಡ."

"ಹೆತ್ತೋಳು ಯಾರು, ನಮ್ಮತ್ತೆನಾ?"

ಲೆಕ್ಕದಕ್ಕ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಹೋದ ಸಲ ಏನೆಲ್ಲ ಕೇಳಿದ್ರಿ. ಮುಟ್ಟು ನಿಂತದ್ದು ಯಾವಾಗ, ಮಾತ್ರೆ ನುಂಗ್ತೀಯಾ, ಕಾಲು ಊದಿದೆಯಾ, ಎಲ್ಲಾ. ನಮ್ಮತ್ತೆ ಬಾಯಿ ಹಾಕಿದ್ರೆ, ಅವಳೇ ಹೇಳ್ಲಿ ಸುಮ್ನಿರಮ್ಮ ಅಂದ್ರಿ. ಹೊಟ್ಟೇಲಿದ್ದಾಗ ನನ್ನ ಕೇಳ್ಬೇಕು, ಹೊರಗೆ ಬಂದ್ಮೇಲೆ ಯಾರನ್ನ ಕೇಳಿದ್ರೂ ನಡೆಯುತ್ತೆ, ಅಲ್ವಾ?"

ಅವಳ ದನಿ ಏರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಲೆಕ್ಕದಕ್ಕ ಚೀಲ ಕೆಳಗಿಟ್ಟು ಕೇಳಿದಳು. "ಈಗ ಕೇಳ್ತೀನಮ್ಮ. ಕೂಸು ಅತ್ತಿತ್ತಾ?"

"ಅತ್ತಿತ್ತು. ಹೆಣ್ಣು. ಜೋರಾಗೇನಲ್ಲ, ಬೆಕ್ಕಿನ ಮರಿ ಥರ. ಬಾಯಿ ಹತ್ರ ಬೆರಳು ತಗೊಂಡೋದ್ರೆ ಚೀಪ್ತು. ಸತ್ತು ಹುಟ್ಟಿದ್ದು ಚೀಪುತ್ತಾ ಅಕ್ಕಾ?"

ಲೆಕ್ಕದಕ್ಕ ಏರಿಯ ಮೇಲೇ ಕೂತು ಬರೆದದ್ದನ್ನು ಹೊಡೆದುಹಾಕಿ, 'ಜೀವಂತ ಜನನ, ನಂತರ ಸಾವು' ಎಂದು ಬರೆದಳು.

ಮೂರನೆಯ ದಿನ ಮೇಲ್ವಿಚಾರಕ ಅವಳನ್ನು ಅಧ್ಯಯನ ಕೇಂದ್ರಕ್ಕೆ ಕರೆಸಿದ. ಅವಳ ಮಗನ ವಯಸ್ಸಿನವನು. ಕೆಟ್ಟವನಲ್ಲ, ತಾಳೆಯಾಗದ್ದನ್ನು ಕಂಡರೆ ಮೈಮೇಲೆ ಇರುವೆ ಹರಿದಂತೆ ಆಡುವವನು ಅಷ್ಟೇ. ಕಂಪ್ಯೂಟರಿನಲ್ಲಿ ಕಮ್ಮಾರನ ಮನೆಯ ಸಾಲು ಕೆಂಪಾಗಿತ್ತು.

"ಅಕ್ಕಾ, ಇದು ಹೊಂದ್ತಾ ಇಲ್ಲ. ಹೆರಿಗೆ ಆಗಿದ್ದು ಆರೋಗ್ಯ ಕೇಂದ್ರದಲ್ಲಿ. ಅವರ ಪುಸ್ತಕದಲ್ಲಿ ಸತ್ತು ಹುಟ್ಟಿದೆ ಅಂತಿದೆ. ನೀವೂ ಮೊದಲು ಹಾಗೇ ಬರೆದು ಆಮೇಲೆ ಹೊಡೆದು ಹಾಕಿದೀರ."

"ಮೊದಲು ಬರೆದದ್ದು ನನ್ನ ತಪ್ಪು ಸಾರ್. ತಾಯಿನ ಕೇಳಿರಲಿಲ್ಲ."

"ತಾಯಿ ದುಃಖದಲ್ಲಿ ಏನೋ ಹೇಳ್ತಾಳೆ. ನರ್ಸು ಓದಿರೋರು."

"ಆ ಆರೋಗ್ಯ ಕೇಂದ್ರದ ಗೋಡೆ ನೋಡಿದೀರಾ ಸಾರ್? ಬೋರ್ಡ್ ಹಾಕಿದಾರೆ. ಮೂರು ವರ್ಷದಿಂದ ಅಲ್ಲಿ ಹುಟ್ಟಿದ ಒಂದು ಕೂಸೂ ಸತ್ತಿಲ್ಲವಂತೆ. ಸಾವೇ ಇಲ್ಲದ ಜಾಗ ಅಂತ ಗೊತ್ತಿದ್ರೆ ನಾವೂ ಹೋಗಿ ಮಲಗ್ತಿದ್ವಿ."

ಅವನು ನಗಲಿಲ್ಲ. ಲೆಕ್ಕದಕ್ಕ ಕಪಾಟಿನಿಂದ ತನ್ನ ಹಳೆಯ ಪುಸ್ತಕಗಳನ್ನು ತೆಗೆದು ಅವನ ಮೇಜಿನ ಮೇಲಿಟ್ಟು ಒಂದೊಂದೇ ಪುಟಕ್ಕೆ ಬೆರಳಿಟ್ಟಳು. ಬೋರ್ಡ್ ಬರುವ ಮೊದಲು ಅವಳ ಊರುಗಳಲ್ಲಿ ವರ್ಷಕ್ಕೆ ಸತ್ತು ಹುಟ್ಟಿದ್ದು ಒಂದು, ಹೆಚ್ಚೆಂದರೆ ಎರಡು. ಹುಟ್ಟಿದ ವಾರದಲ್ಲಿ ಸತ್ತದ್ದು ಎರಡೋ ಮೂರೋ. ಬೋರ್ಡ್ ಬಂದ ಮೇಲೆ ವಾರದಲ್ಲಿ ಸತ್ತದ್ದು ಸೊನ್ನೆ, ಸತ್ತು ಹುಟ್ಟಿದ್ದು ನಾಲ್ಕು, ಐದು, ಐದು.

"ಕೂಸುಗಳು ಸಾಯೋದು ನಿಂತಿಲ್ಲ ಸಾರ್. ಪುಸ್ತಕದ ಒಂದು ಚೌಕದಿಂದ ಎತ್ತಿ ಇನ್ನೊಂದು ಚೌಕಕ್ಕೆ ಹಾಕಿದಾರೆ ಅಷ್ಟೆ. ಸತ್ತು ಹುಟ್ಟಿದ್ದಕ್ಕೆ ನಾಲ್ಕೇ ಸಾಲು, ಯಾರೂ ಏನೂ ಕೇಳೋ ಹಾಗಿಲ್ಲ."

ಹಾಗೆ ಹೇಳುವಾಗ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಈ ಹದಿನಾಲ್ಕರಲ್ಲಿ ತಾಯಿಯನ್ನೇ ಕೂರಿಸಿಕೊಂಡು ಕೇಳಿದ್ದು ಎಷ್ಟು? ಬಾಗಿಲಲ್ಲಿ ನಿಂತ ಅತ್ತೆ ಹೇಳಿದ್ದನ್ನು ಗೀಚಿಕೊಂಡು ಬಂದದ್ದು ಎಷ್ಟು?

"ಕಂಡದ್ದು ಕಂಡ ಹಾಗೆ ಹೇಳಿದ್ರೆ ಕೆಂಡದಂಥ ಕೋಪ ಅಂತಾರೆ," ಎಂದಳು. "ಕೋಪ ಮಾಡ್ಕೊಳ್ಳಿ. ನಾನು ಮಾತ್ರ ತಿದ್ದೋದಿಲ್ಲ."

"ನಾನೇ ಬಂದು ಮತ್ತೆ ಕೇಳ್ತೀನಿ. ಸುಳ್ಳಾದ್ರೆ ತಿದ್ತೀನಿ," ಎಂದ ಅವನು.

ಮರುದಿನ ಬೆಳಿಗ್ಗೆ ಇಬ್ಬರೂ ಕಮ್ಮಾರನ ಮನೆಯಲ್ಲಿ ಕೂತರು. ಪಕ್ಕದ ಕುಲುಮೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಸೊಸೆ ಗೋಡೆಗೆ ಒರಗಿ ಕೂತಿದ್ದಳು, ಅತ್ತೆ ಬಾಗಿಲ ಬಳಿ ನಿಂತಿದ್ದಳು. ಮೇಲ್ವಿಚಾರಕ ಪ್ರಶ್ನೆಯನ್ನು ಪುಸ್ತಕದಲ್ಲಿದ್ದಂತೆಯೇ ಓದಿದ: ಮಗು ಅತ್ತಿತ್ತೇ, ಉಸಿರಾಡಿತ್ತೇ, ಕೈಕಾಲು ಆಡಿಸಿತ್ತೇ?

"ಮೂರೂ," ಎಂದಳು ಸೊಸೆ.

ಅವನು ಅತ್ತೆಯ ಕಡೆ ತಿರುಗಿದ. "ನೀವು ಬೇರೆ ಹೇಳಿದ್ರಂತೆ ಅಮ್ಮ. ಸರಿಯಾಗಿ ಹೇಳಿ, ಯಾವುದು ನಿಜ?"

"ಅವರನ್ನ ಕೇಳ್ಬೇಡಿ," ಎಂದಳು ಲೆಕ್ಕದಕ್ಕ. "ಎದುರಿಗೆ ತಾಯಿ ಕೂತಿರುವಾಗ ಬೇರೆಯವರನ್ನ ಕೇಳೋ ಹಾಗಿಲ್ಲ. ಅವಳ ಮಾತನ್ನ ಅಳಿಸ್ತೀರಾದ್ರೆ ಅಳಿಸಿ. ಗೆರೆ ಎಳೆದು ಪಕ್ಕದಲ್ಲಿ ನಿಮ್ಮ ಸಹಿ ಹಾಕಿ."

"ಹಾಕಿ," ಎಂದಳು ಸೊಸೆ. "ನಾ ನೋಡ್ತೀನಿ."

ಅವನ ಪೆನ್ನು ಹಾಳೆಯ ಮೇಲೆ ಬಂದು ಅಲ್ಲೇ ನಿಂತಿತು. ಅವನು ಹಾಳೆಯನ್ನು ನೋಡಿದ, ಆಮೇಲೆ ಸೊಸೆಯನ್ನು ನೋಡಿದ. ಕೊನೆಗೆ ಗೆರೆ ಎಳೆಯದೆ ಚೀಲಕ್ಕೆ ಕೈಹಾಕಿ ಇನ್ನೊಂದು ನಮೂನೆ ತೆಗೆದ. ಹುಟ್ಟಿ ಸತ್ತ ಮಗುವಿನದು, ಹನ್ನೆರಡು ಪುಟ. ಹೆಣ್ಣೋ ಗಂಡೋ, ಯಾವ ದಿನ, ಎಷ್ಟು ಹೊತ್ತಿಗೆ. ಸೊಸೆ ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟಳು. ನಾಲ್ಕನೇ ಪುಟದಲ್ಲಿ ಅವನು ಕೇಳಿದ. "ಉಸಿರಾಟ ಕಷ್ಟ ಆದಾಗ ಏನು ಚಿಕಿತ್ಸೆ ಕೊಟ್ರು?"

ಸೊಸೆ ಅತ್ತೆಯನ್ನು ನೋಡಿದಳು. "ಅದು ನಂಗೆ ಕಾಣ್ಲಿಲ್ಲ. ನಾ ಮಲಗಿದ್ದೆ. ಓಡಾಡಿದ್ದು ಅವರು."

ಮುದುಕಿ ಬಾಗಿಲು ಬಿಟ್ಟು ಒಳಗೆ ಬಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು.

"ನರ್ಸಮ್ಮ ಮೀಟಿಂಗಿಗೆ ಹೋಗಿದ್ರು. ಇದ್ದೋಳು ಆಯಾ ಒಬ್ಬಳೇ. ಕೂಸು ನೀಲಿ ತಿರುಗೋಕೆ ಶುರುವಾಯ್ತು. ಉಸಿರು ಊದೋ ಚೀಲ ಬೀರುವಿನಲ್ಲಿದೆ ಅಂದ್ಳು ಆಯಾ, ಬೀರುವಿನ ಬೀಗದ ಕೈ ನರ್ಸಮ್ಮನ ಹತ್ರ. ಫೋನ್ ಮಾಡಿದ್ರೆ ಎತ್ತಲಿಲ್ಲ. ನನ್ನ ಕೈಲೇ ಆ ಬೀಗ ಹಿಡಿದು ಎಳೆದೆ, ಬರುತ್ತಾ? ಮಗ ಹೊರಗೆ ನಿಂತಿದ್ದ. ಮನೆಗೆ ಓಡಿ ಸುತ್ತಿಗೆ ತಗೊಂಬಾ ಅಂದೆ." ಅವಳು ಕುಲುಮೆಯ ಕಡೆ ತಲೆ ಆಡಿಸಿದಳು. "ಅವನು ಬರೋಷ್ಟರಲ್ಲಿ ಕೂಸು ತಣ್ಣಗಾಗಿತ್ತು. ಆದ್ರೂ ಒಡೆದ. ಬೀಗನೂ ಒಡೆದ, ಬಾಗಿಲೂ ಒಡೆದ."

"ಮತ್ತೆ ಸತ್ತು ಹುಟ್ಟಿತು ಅಂತ ಯಾಕೆ ಹೇಳಿದ್ರಿ?" ಅವನ ದನಿ ತಗ್ಗಿತ್ತು.

"ಸಂಜೆ ನರ್ಸಮ್ಮ ಬಂದು ಹೇಳಿದ್ರು. ಸತ್ತೇ ಹುಟ್ಟಿತು ಅಂದ್ರೆ ಬೀರು ತಾನಾಗೇ ಕೆಟ್ಟಿದೆ ಅಂತ ಬರೀತೀನಿ. ಬದುಕಿತ್ತು ಅಂದ್ರೆ ನಿನ್ನ ಮಗ ಸರ್ಕಾರಿ ಆಸ್ತಿ ಒಡೆದ ಅಂತ ಬರೀತೀನಿ. ಮೊಮ್ಮಗಳು ಹೋದ್ಲು, ಮಗನ್ನೂ ಕಳ್ಕೊಳ್ಳಾ?"

ಹನ್ನೊಂದು ವರ್ಷದಲ್ಲಿ ಲೆಕ್ಕದಕ್ಕ ಸಾವುಗಳನ್ನು ಬರೆದಿದ್ದಳು. ಸಾವನ್ನು ಹೀಗೆ ಸರಕಿನಂತೆ ಕೊಟ್ಟು ತೆಗೆದುಕೊಂಡದ್ದನ್ನು ಕೇಳಿರಲಿಲ್ಲ.

"ಇದಕ್ಕೆ ಇಲ್ಲಿ ಜಾಗ ಇಲ್ಲ," ಎಂದ ಮೇಲ್ವಿಚಾರಕ, ನಮೂನೆಯ ಚೌಕಗಳನ್ನು ನೋಡುತ್ತಾ. "ಔಷಧಿ, ಚುಚ್ಚುಮದ್ದು, ಆಮ್ಲಜನಕ ಅಂತಷ್ಟೇ ಇದೆ."

"ಅಂಚಿನಲ್ಲಿ ಬರೀರಿ," ಎಂದಳು ಲೆಕ್ಕದಕ್ಕ. "ಅಂಚು ಸಾಲದಿದ್ರೆ ಹಿಂದೆ ಬರೀರಿ. ಕೆಳಗೆ ನನ್ನ ಸಹಿನೂ ಇರಲಿ."

"ಬೀಗ ಒಡೆದದ್ದು ಬೇಡ, ಅಲ್ವಾ ಅಮ್ಮ? ಬಿಟ್ಟುಬಿಡ್ತೀನಿ," ಎಂದ ಅವನು ಮುದುಕಿಗೆ.

ಕುಲುಮೆಯ ಸದ್ದು ನಿಂತಿತ್ತು. ಕಮ್ಮಾರ ಯಾವಾಗಲೋ ಬಂದು ಹೊಸ್ತಿಲಾಚೆ ನಿಂತಿದ್ದ, ಮೊಳಕೈವರೆಗೆ ಮಸಿ. "ಬರ್ಕೊಳ್ಳಿ," ಎಂದ. "ಸುಮ್ಮಸುಮ್ಮನೆ ಯಾವನಾದ್ರೂ ಬೀಗ ಒಡೀತಾನಾ? ಒಡೆದದ್ದು ಬಿಟ್ರೆ, ಬೀಗ ಹಾಕಿತ್ತು ಅನ್ನೋದನ್ನ ಯಾರು ನಂಬ್ತಾರೆ?"

ತಾಯಿ ಮಗನ ಮುಖ ನೋಡಿದಳು. ಬೇಡ ಎನ್ನಲು ಬಾಯಿ ತೆರೆದವಳು ಎನ್ನಲಿಲ್ಲ.

ಮೇಲ್ವಿಚಾರಕ ಹಾಳೆ ತಿರುಗಿಸಿ ಬರೆಯತೊಡಗಿದ. ಬಹಳ ಹೊತ್ತು ಬರೆದ. ಮುಗಿಸಿ ಪೆನ್ನಿನ ಮುಚ್ಚಳ ಹುಡುಕುತ್ತಿದ್ದಾಗ ಸೊಸೆ ಹೇಳಿದಳು, "ಓದಿ. ಏನು ಬರೆದ್ರೋ ಕೇಳ್ಬೇಕು."

ಅವನು ಓದಿದ. ಹೆಣ್ಣು ಮಗು, ಬೆಳಗಿನ ಹನ್ನೊಂದಕ್ಕೆ ಜನನ, ಸುಮಾರು ಅರ್ಧ ಗಂಟೆ ಜೀವಂತ...

"ಅರ್ಧ ಗಂಟೆ ಅಲ್ಲ," ಎಂದಳು ಅವಳು. "ಒಂದು ಗಂಟೆ ಮೇಲೆ ಹತ್ತು ನಿಮಿಷ. ಗಡಿಯಾರ ನನ್ನ ಎದುರಿಗೇ ಇತ್ತು."

ಅವನು ಅರ್ಧ ಗಂಟೆಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಅವಳು ಹೇಳಿದಷ್ಟನ್ನು ಬರೆದ.